ಜಾವಾ ಆಬ್ಜೆಕ್ಟಿನಿಂದ ಎಕ್ಸ್‌ಎಂಎಲ್‌ಗೆ: ಅನೊಟೇಶನ್ ಬಳಸುವುದು ಹೇಗೆ, ಹಂತ ಹಂತವಾಗಿ

ಎಕ್ಸ್‌ಎಂಎಲ್ ಹಳೇ ಕಾಲದ್ದು, ಈಗೇನಿದ್ದರೂ ಜೆಸನ್ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ಯಾರೋ ಒಂದು ಎಕ್ಸ್‌ಎಂಎಲ್ ಫೈಲ್ ಕೈಗಿತ್ತು "ಇದನ್ನು ನಮ್ಮ ಜಾವಾ ಪ್ರೋಗ್ರಾಮಿಗೆ ಓದಿಸಪ್ಪಾ" ಎನ್ನುತ್ತಾರೆ. ಯುಪಿಐನಲ್ಲಿ ಬ್ಯಾಂಕಿಗೂ ಎನ್‌ಪಿಸಿಐಗೂ ನಡುವೆ ಹೋಗಿಬರುವ ಸಂದೇಶ ಎಕ್ಸ್‌ಎಂಎಲ್. ಆಧಾರ್ ಆಫ್‌ಲೈನ್ ಇ-ಕೆವೈಸಿ ಎಂದು ಇಳಿಸಿಕೊಳ್ಳುವ ಫೈಲ್ ಎಕ್ಸ್‌ಎಂಎಲ್. ಅಂಗಡಿ ಲೆಕ್ಕದ ಟ್ಯಾಲಿಯೂ ಎಕ್ಸ್‌ಎಂಎಲ್ ತೆಗೆದುಕೊಳ್ಳುತ್ತದೆ. ಹಾಗಾಗಿ ಕಲಿತಿಟ್ಟುಕೊಂಡರೆ ನಷ್ಟವಿಲ್ಲ.

ಕೈಯಲ್ಲೇ ಟ್ಯಾಗ್ ಜೋಡಿಸಿ, ಸ್ಟ್ರಿಂಗಿಗೆ ಸ್ಟ್ರಿಂಗ್ ಸೇರಿಸಿ ಎಕ್ಸ್‌ಎಂಎಲ್ ಬರೆಯುವವರಿದ್ದಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಜಾವಾದಲ್ಲಿ ಇದಕ್ಕೆಂದೇ ಜ್ಯಾಕ್ಸ್‌ಬಿ ಎಂಬ ಲೈಬ್ರರಿ ಇದೆ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದಂತೆ ನಿಮ್ಮ ಕ್ಲಾಸಿನ ಒಂದೊಂದು ಫೀಲ್ಡಿಗೂ ಅನೊಟೇಶನ್ ಅಂಟಿಸುತ್ತೀರಿ: ಇದು ಟ್ಯಾಗ್ ಆಗಲಿ, ಇದು ಆಟ್ರಿಬ್ಯೂಟ್ ಆಗಲಿ, ಇದು ಹೊರಗೆ ಹೋಗುವುದೇ ಬೇಡ. ಮಿಕ್ಕ ಕೆಲಸವನ್ನೆಲ್ಲ ಲೈಬ್ರರಿ ನೋಡಿಕೊಳ್ಳುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಕೋಡಿನ ಪದಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಜಾವಾದ ಪದಗಳನ್ನೂ ಕ್ಲಾಸ್, ಫೀಲ್ಡುಗಳ ಹೆಸರನ್ನೂ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಉದ್ಧರಣ ಚಿಹ್ನೆಯೊಳಗಿನ ಕನ್ನಡ ಮಾತ್ರ ಕನ್ನಡದಲ್ಲೇ ಇರಲಿ. ಅನೊಟೇಶನ್ ಹೆಸರಿನಲ್ಲಿ ಎಕ್ಸ್ ದೊಡ್ಡಕ್ಷರ, ಎಂ ಮತ್ತು ಎಲ್ ಸಣ್ಣಕ್ಷರ, ಆಮೇಲೆ ಬರುವ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು. ಎರಡಕ್ಷರ ಹೊಡೆದು ಕಂಟ್ರೋಲ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಟೆಲಿಜೆಯೋ ಎಕ್ಲಿಪ್ಸೋ ಪೂರ್ತಿ ಹೆಸರು ತೋರಿಸುತ್ತದೆ. ಅಲ್ಲಿಂದ ಆರಿಸಿಕೊಂಡರೆ ಕಾಗುಣಿತದ ಚಿಂತೆ ಇಲ್ಲ.

ಹಂತ 1: ಖಾಲಿ ಮೇವನ್ ಪ್ರಾಜೆಕ್ಟ್ ತೆರೆಯಿರಿ

ಜೆಡಿಕೆ 17 ಅಥವಾ 21 ಇದ್ದರೆ ಸಾಕು. ಹೊಸ ಮೇವನ್ ಪ್ರಾಜೆಕ್ಟ್ ಮಾಡಿ, ಪಾಮ್ ಫೈಲ್ ತೆರೆದು, ಪ್ರಾಪರ್ಟೀಸ್ ಭಾಗದಲ್ಲಿ ಸೋರ್ಸ್ ಎನ್‌ಕೋಡಿಂಗ್ ಯುಟಿಎಫ್-8 ಎಂದಿದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ.

ಎಚ್ಚರ: ಇದನ್ನು ಬಿಟ್ಟರೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಏನೂ ಆಗುವುದಿಲ್ಲ, ನಮಗೆ ಆಗುತ್ತದೆ. ಜಾವಾ 18ಕ್ಕಿಂತ ಹಿಂದಿನ ಕಂಪೈಲರ್, ಯಾರೂ ಹೇಳದಿದ್ದರೆ, ಕಂಪ್ಯೂಟರಿನ ಸ್ವಂತ ಎನ್‌ಕೋಡಿಂಗ್ ಹಿಡಿದುಕೊಳ್ಳುತ್ತದೆ. ವಿಂಡೋಸಿನಲ್ಲಿ ಅದು ಹೆಚ್ಚಾಗಿ ಯುಟಿಎಫ್-8 ಆಗಿರುವುದಿಲ್ಲ. ಆಗ ಕೋಡಿನೊಳಗಿನ ಕನ್ನಡವೆಲ್ಲ ಕಲಸುಮೇಲೋಗರ.

ಹಂತ 2: ಎರಡು ಡಿಪೆಂಡೆನ್ಸಿ ಸೇರಿಸಿ

ಹೊಸಬರು ಜಾಸ್ತಿ ಹೊತ್ತು ಕಳೆಯುವುದು ಈ ಹಂತದಲ್ಲೇ. ತಪ್ಪು ಅವರದಲ್ಲ, ಚರಿತ್ರೆಯದು. ಅನೊಟೇಶನ್ ಬಳಸುವ ಜ್ಯಾಕ್ಸ್‌ಬಿ 2.0 ಬಂದದ್ದು 2006ರಲ್ಲಿ. ಅದೇ ವರ್ಷದ ಕೊನೆಗೆ ಹೊರಬಂದ ಜಾವಾ 6ರ ಒಳಗೇ ಅದನ್ನು ಸೇರಿಸಿಬಿಟ್ಟರು. ಬೇರೆ ಏನೂ ಇಳಿಸಿಕೊಳ್ಳದೆ ಕೆಲಸ ನಡೆಯುತ್ತಿತ್ತು. 2018ರಲ್ಲಿ ಜಾವಾ 11 ಬಂದಾಗ ಅದನ್ನು ಕಿತ್ತು ಹೊರಗಿಟ್ಟರು. ಆಮೇಲೆ ಅದು ಎಕ್ಲಿಪ್ಸ್ ಫೌಂಡೇಶನ್ ಆಶ್ರಯದಲ್ಲಿ ಜಕಾರ್ತಾ ಎಕ್ಸ್‌ಎಂಎಲ್ ಬೈಂಡಿಂಗ್ ಆಯಿತು. 2020ರ 3.0 ಆವೃತ್ತಿಯಲ್ಲಿ ಪ್ಯಾಕೇಜಿನ ಹೆಸರೂ ಬದಲಾಯಿತು: ಮುಂಚೆ "ಜಾವಾಎಕ್ಸ್" ಎಂದು ಶುರುವಾಗುತ್ತಿದ್ದದ್ದು ಈಗ "ಜಕಾರ್ತಾ" ಎಂದು ಶುರುವಾಗುತ್ತದೆ.

ಈಗ ಪಾಮ್ ಫೈಲಿನಲ್ಲಿ ಎರಡನ್ನೂ ಹಾಕಿ. ಮೊದಲನೆಯದು "ಜಕಾರ್ತಾ.ಎಕ್ಸ್‌ಎಂಎಲ್.ಬೈಂಡ್-ಎಪಿಐ". ಅನೊಟೇಶನ್‌ಗಳು ಇರುವುದು ಇದರಲ್ಲಿ. ಎರಡನೆಯದು ಗ್ಲಾಸ್‌ಫಿಶ್ ಗುಂಪಿನ "ಜ್ಯಾಕ್ಸ್‌ಬಿ-ರನ್‌ಟೈಮ್". ನಿಜವಾಗಿ ದುಡಿಯುವುದು ಇದು. ಎರಡೂ 4.0 ಸಾಲಿನವೇ ಆಗಿರಲಿ.

ಎಚ್ಚರ: ಮೊದಲನೆಯದನ್ನು ಮಾತ್ರ ಹಾಕಿದರೆ ಕಂಪೈಲ್ ಆಗುತ್ತದೆ, ಓಡಿಸಿದ ಕೂಡಲೇ "ಇಂಪ್ಲಿಮೆಂಟೇಶನ್ ಸಿಗಲಿಲ್ಲ" ಎಂಬ ಎರರ್ ಬರುತ್ತದೆ. ಭಯಪಡಬೇಡಿ, ಎರಡನೆಯದನ್ನು ಸೇರಿಸಿದರೆ ಹೋಗುತ್ತದೆ.

ಇದಕ್ಕಿಂತ ಕೆಟ್ಟ ಇನ್ನೊಂದಿದೆ. ಅಂತರ್ಜಾಲದಲ್ಲಿ ಸಿಗುವ ಹಳೆಯ ಪಾಠಗಳಲ್ಲೆಲ್ಲ ಜಾವಾಎಕ್ಸ್ ಇಂಪೋರ್ಟ್ ಇರುತ್ತದೆ. ಎಲ್ಲಿಂದಲೋ ಹಳೇ ಜಾರ್ ಕೂಡ ಪ್ರಾಜೆಕ್ಟಿಗೆ ಬಂದು ಸೇರಿದ್ದರೆ ಆ ಇಂಪೋರ್ಟ್ ಕಂಪೈಲ್ ಆಗಿಬಿಡುತ್ತದೆ. ಆದರೆ ಹೊಸ ರನ್‌ಟೈಮಿಗೆ ಹಳೆಯ ಅನೊಟೇಶನ್ ಕಣ್ಣಿಗೇ ಬೀಳುವುದಿಲ್ಲ. "ರೂಟ್ ಎಲಿಮೆಂಟ್ ಅನೊಟೇಶನ್ ಇಲ್ಲ" ಎನ್ನುತ್ತದೆ. ನೀವು ನೋಡಿದರೆ ಅದು ಕ್ಲಾಸಿನ ತಲೆಯ ಮೇಲೆ ಕೂತಿರುತ್ತದೆ! ಹಾಗಾದಾಗ ಬೇರೇನೂ ಹುಡುಕಬೇಡಿ, ಸೀದಾ ಇಂಪೋರ್ಟ್ ಸಾಲು ನೋಡಿ.

ಹಂತ 3: ಅನೊಟೇಶನ್ ಇಲ್ಲದ ಸಾದಾ ಕ್ಲಾಸ್ ಬರೆಯಿರಿ

ಒಂದು ಊರಿನ ಗ್ರಂಥಾಲಯದ ಪಟ್ಟಿ ಮಾಡೋಣ. "ಬುಕ್" ಎಂಬ ಕ್ಲಾಸ್. ಒಳಗೆ ಐದು ಪ್ರೈವೇಟ್ ಫೀಲ್ಡ್: ಐಡಿ, ಟೈಟಲ್, ಆಥರ್, ಇಯರ್, ನೋಟ್. ನೋಟ್ ಎಂದರೆ ಗ್ರಂಥಪಾಲಕರು ತಮಗಾಗಿ ಬರೆದುಕೊಳ್ಳುವ "ರಟ್ಟು ಕಿತ್ತಿದೆ" ಥರದ ಟಿಪ್ಪಣಿ. ಐದಕ್ಕೂ ಗೆಟರ್, ಸೆಟರ್ ಹಾಕಿ.

ಇಯರ್ ಫೀಲ್ಡಿಗೆ "ಇಂಟ್" ಬೇಡ, "ಇಂಟೀಜರ್" ಬಳಸಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಮುದ್ರಣದ ವರ್ಷವೇ ಇಲ್ಲದವು ಬೇಕಾದಷ್ಟು ಸಿಗುತ್ತವೆ. ಇಂಟ್ ಇದ್ದರೆ ಅಂಥ ಪುಸ್ತಕಕ್ಕೆ ಪ್ರಕಟಣೆಯ ವರ್ಷ 0 ಎಂದು ಅಚ್ಚಾಗುತ್ತದೆ. ಇಂಟೀಜರ್ ಇದ್ದರೆ, ಏನೂ ತುಂಬದಿದ್ದಾಗ ಆ ಟ್ಯಾಗೇ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಬರೆಯದೆ ಬಿಡುವುದೇ ಮರ್ಯಾದೆ.

ಎಚ್ಚರ: ಫೀಲ್ಡುಗಳನ್ನು ಒಮ್ಮೆಗೇ ತುಂಬುವ ಕನ್‌ಸ್ಟ್ರಕ್ಟರ್ ಬರೆದಿದ್ದರೆ, ಏನನ್ನೂ ಕೇಳದ ಖಾಲಿ ಕನ್‌ಸ್ಟ್ರಕ್ಟರನ್ನೂ ಜೊತೆಗೆ ಬರೆಯಿರಿ. ಓದುವಾಗ ಜ್ಯಾಕ್ಸ್‌ಬಿ ಮೊದಲು ಖಾಲಿ ಆಬ್ಜೆಕ್ಟ್ ಮಾಡಿಕೊಂಡು ಆಮೇಲೆ ತುಂಬುತ್ತದೆ. ಖಾಲಿ ಕನ್‌ಸ್ಟ್ರಕ್ಟರ್ ಸಿಗದಿದ್ದರೆ ಶುರುವಿನಲ್ಲೇ ಮುಷ್ಕರ ಹೂಡುತ್ತದೆ.

ಹಂತ 4: ಮೊದಲ ಅನೊಟೇಶನ್ ಹಾಕಿ, ಓಡಿಸಿ

ಕ್ಲಾಸಿನ ಮೇಲಿನ ಸಾಲಿನಲ್ಲಿ @ಎಕ್ಸ್‌ಎಂಎಲ್‌ರೂಟ್‌ಎಲಿಮೆಂಟ್ ಎಂದು ಬರೆಯಿರಿ. ಅಷ್ಟೇ. ಮೇನ್ ಮೆಥಡಿನಲ್ಲಿ ಒಂದು ಬುಕ್ ಮಾಡಿ: ಐಡಿ 101, ಚೋಮನ ದುಡಿ, ಶಿವರಾಮ ಕಾರಂತ, 1933. ಆಮೇಲೆ ಈ ನಾಲ್ಕು ಸಾಲು:

ಜೆಎಎಕ್ಸ್‌ಬಿಕಾಂಟೆಕ್ಸ್ಟ್ ಸಿಟಿಎಕ್ಸ್ = ಜೆಎಎಕ್ಸ್‌ಬಿಕಾಂಟೆಕ್ಸ್ಟ್.ನ್ಯೂಇನ್‌ಸ್ಟನ್ಸ್(ಬುಕ್.ಕ್ಲಾಸ್);
ಮಾರ್ಷಲರ್ ಎಂ = ಸಿಟಿಎಕ್ಸ್.ಕ್ರಿಯೇಟ್‌ಮಾರ್ಷಲರ್();
ಎಂ.ಸೆಟ್‌ಪ್ರಾಪರ್ಟಿ(ಮಾರ್ಷಲರ್.ಜೆಎಎಕ್ಸ್‌ಬಿ_ಫಾರ್ಮ್ಯಾಟೆಡ್_ಔಟ್‌ಪುಟ್, ಟ್ರೂ);
ಎಂ.ಮಾರ್ಷಲ್(ಬುಕ್, ಸಿಸ್ಟಮ್.ಔಟ್);

ಇಲ್ಲಿ ಜೆ, ಎ, ಎಕ್ಸ್, ಬಿ ನಾಲ್ಕೂ ದೊಡ್ಡಕ್ಷರ. ಮೂರನೇ ಸಾಲಿನ ಆ ಉದ್ದನೆಯ ಹೆಸರು ಪೂರ್ತಿ ದೊಡ್ಡಕ್ಷರದ್ದು. ಆ ಸಾಲು ಇಲ್ಲದಿದ್ದರೆ ಎಲ್ಲ ಟ್ಯಾಗೂ ಒಂದೇ ಸಾಲಿನಲ್ಲಿ ಉದ್ದಕ್ಕೆ ಮಲಗಿಬಿಡುತ್ತವೆ. ಮಾರ್ಷಲ್ ಎಂದರೆ ಆಬ್ಜೆಕ್ಟಿನಿಂದ ಎಕ್ಸ್‌ಎಂಎಲ್ ಕಡೆಗೆ, ಅನ್‌ಮಾರ್ಷಲ್ ಎಂದರೆ ವಾಪಸ್.

ಈ ಕರೆಗಳು ಎಡವಿದರೆ ಜೆಎಎಕ್ಸ್‌ಬಿಎಕ್ಸೆಪ್ಶನ್ ಎಸೆಯುತ್ತವೆ. ಅದಕ್ಕೆ ಎಡಿಟರ್ ಕೆಂಪು ಗೆರೆ ಹಾಕುತ್ತದೆ. ಸದ್ಯಕ್ಕೆ ಮೇನ್ ಮೆಥಡಿನ ಮುಂದೆ "ಥ್ರೋಸ್ ಎಕ್ಸೆಪ್ಶನ್" ಎಂದು ಸೇರಿಸಿ ಮುಂದೆ ಹೋಗಿ.

ಓಡಿಸಿ. ಬುಕ್ ಎಂಬ ಟ್ಯಾಗಿನೊಳಗೆ ಉಳಿದೆಲ್ಲ ಬಂದಿರುತ್ತದೆ. ಕನ್ನಡ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯೋ ಚೌಕವೋ ಕಂಡರೆ ಗಾಬರಿಯಾಗಬೇಡಿ. ಅದು ಕನ್‌ಸೋಲ್ ಕಿಟಕಿಯ ತೊಂದರೆ. ಫೈಲಿಗೆ ಬರೆದು ನೋಡುವವರೆಗೆ ಎಕ್ಸ್‌ಎಂಎಲ್ ಮೇಲೆ ಅನುಮಾನ ಬೇಡ.

ಹಂತ 5: ಫೀಲ್ಡ್ ನೋಡು ಎಂದು ಹೇಳಿ

ಏನೂ ಹೇಳದಿದ್ದರೆ ಜ್ಯಾಕ್ಸ್‌ಬಿ ಗೆಟರ್-ಸೆಟರ್ ಜೋಡಿಯನ್ನು ನೋಡುತ್ತದೆ. ನೀವು ಅನೊಟೇಶನ್ ಬರೆಯುವುದು ಫೀಲ್ಡಿನ ಮೇಲೆ. ಆಗ ಟೈಟಲ್ ಎಂಬುದು ಗೆಟರಿನಿಂದ ಒಮ್ಮೆ, ಫೀಲ್ಡಿನಿಂದ ಇನ್ನೊಮ್ಮೆ ಲೆಕ್ಕಕ್ಕೆ ಬರುತ್ತದೆ. "ಒಂದೇ ಹೆಸರಿನ ಎರಡು ಪ್ರಾಪರ್ಟಿ ಇವೆ" ಎಂದು ಅರ್ಧ ಪುಟದ ಎರರ್ ಸುರಿಯುತ್ತದೆ.

ಕ್ಲಾಸಿನ ಮೇಲೆ ಇನ್ನೊಂದು ಸಾಲು ಹಾಕಿದರೆ ಈ ರಗಳೆ ಹುಟ್ಟುವುದೇ ಇಲ್ಲ: @ಎಕ್ಸ್‌ಎಂಎಲ್‌ಆಕ್ಸೆಸರ್‌ಟೈಪ್, ಆವರಣದೊಳಗೆ ಎಕ್ಸ್‌ಎಂಎಲ್‌ಆಕ್ಸೆಸ್‌ಟೈಪ್.ಫೀಲ್ಡ್. ಹೊರಗಿನದು ಆಕ್ಸೆಸರ್, ಒಳಗಿನದು ಆಕ್ಸೆಸ್. ಆ ಒಂದು ವ್ಯತ್ಯಾಸ ನೋಡಿಕೊಳ್ಳಿ. ಗೆಟರ್ ಮೇಲೆ ಅನೊಟೇಶನ್ ಬರೆಯುವ ಪದ್ಧತಿಯೂ ಉಂಟು. ಫೀಲ್ಡುಗಳೆಲ್ಲ ಒಂದೇ ಕಡೆ ಕಣ್ಣೆದುರಿಗಿರುತ್ತವೆ ಎಂಬ ಕಾರಣಕ್ಕೆ ನನ್ನ ಓಟು ಫೀಲ್ಡಿಗೆ.

ಹಂತ 6: ಟ್ಯಾಗಿಗೆ ನಿಮಗೆ ಬೇಕಾದ ಹೆಸರು ಕೊಡಿ

ಟೈಟಲ್ ಫೀಲ್ಡಿನ ಮೇಲೆ @ಎಕ್ಸ್‌ಎಂಎಲ್‌ಎಲಿಮೆಂಟ್(ನೇಮ್ = "ಶೀರ್ಷಿಕೆ") ಎಂದು ಬರೆಯಿರಿ. ಆಥರ್ ಮೇಲೆ "ಲೇಖಕ", ಇಯರ್ ಮೇಲೆ "ವರ್ಷ". ರೂಟ್ ಎಲಿಮೆಂಟಿಗೂ ಅದೇ ರೀತಿ "ಪುಸ್ತಕ". ಹೌದು, ಟ್ಯಾಗಿನ ಹೆಸರು ಕನ್ನಡದಲ್ಲಿರಬಹುದು. 1998ರಲ್ಲಿ ಎಕ್ಸ್‌ಎಂಎಲ್ ಮಾನದಂಡ ಹೊರಬಂದಾಗಲೇ ಕನ್ನಡ ಅಕ್ಷರಗಳಿಗೆ ಅದರಲ್ಲಿ ಜಾಗವಿತ್ತು. ಹೊರಗಿನ ಸಂಸ್ಥೆಗೆ ಕಳಿಸುವ ಫೈಲಾದರೆ ಅವರು ಹೇಳಿದ ಹೆಸರನ್ನೇ ಅಕ್ಷರ ಬಿಡದೆ ಬರೆಯಬೇಕು, ಅದು ಬೇರೆ ಮಾತು. ನಿಮ್ಮದೇ ಪಟ್ಟಿಗೆ ಕನ್ನಡ ಧಾರಾಳವಾಗಿ ನಡೆಯುತ್ತದೆ.

ಎಚ್ಚರ: ಹೆಸರಿನ ನಡುವೆ ಖಾಲಿ ಜಾಗ ಬಿಡಬಾರದು, ಅಂಕಿಯಿಂದ ಶುರು ಮಾಡಬಾರದು. ಇಷ್ಟು ಎಲ್ಲ ಪುಸ್ತಕದಲ್ಲೂ ಇರುತ್ತದೆ. ಕನ್ನಡದಂಥ ಲಿಪಿಗಳಿಗೆ ಅಂಟಿದ ಇನ್ನೊಂದಿದೆ. "ಸಾಫ್ಟ್‌ವೇರ್" ಎಂದು ಟೈಪ್ ಮಾಡುವಾಗ "ಟ್" ಆದಮೇಲೆ "ವೇ" ಒತ್ತಾಗದೆ ಪಕ್ಕದಲ್ಲಿ ನಿಲ್ಲಲಿ ಎಂದು ಕೀಲಿಮಣೆ ಒಂದು ಕಾಣದ ಅಕ್ಷರ ಸೇರಿಸುತ್ತದೆ, ಜೀರೋ ವಿಡ್ತ್ ನಾನ್ ಜಾಯ್ನರ್ ಎಂದು. ಟ್ಯಾಗಿನ ಒಳಗಿನ ಬರಹದಲ್ಲಿ ಅದು ಎಷ್ಟು ಬೇಕಾದರೂ ಇರಲಿ. ಟ್ಯಾಗಿನ ಹೆಸರಿನಲ್ಲೇ ಸೇರಿದರೆ ಜಾವಾದ ಪಾರ್ಸರ್ ಒಪ್ಪುವುದಿಲ್ಲ, ಏಕೆಂದರೆ ಅದು ಪಾಲಿಸುವುದು ಮಾನದಂಡದ ಹಳೆಯ ಆವೃತ್ತಿಯ ನಿಯಮ. ಬರೆಯುವಾಗ ಸುಮ್ಮನಿದ್ದು, ಓದುವಾಗ ತಗಾದೆ ತೆಗೆಯುತ್ತದೆ. ಪರದೆಯ ಮೇಲೆ ಎಷ್ಟು ದಿಟ್ಟಿಸಿದರೂ ತಪ್ಪು ಕಾಣುವುದಿಲ್ಲ. ಆದ್ದರಿಂದ ಟ್ಯಾಗುಗಳಿಗೆ ಪುಸ್ತಕ, ಲೇಖಕ, ವರ್ಷದಂಥ ಹೆಸರು ಸಾಕು, ಇಂಗ್ಲಿಷಿನಿಂದ ಬಂದ ಉದ್ದ ಪದ ಬೇಡ.

ಹಂತ 7: ಐಡಿಯನ್ನು ಆಟ್ರಿಬ್ಯೂಟ್ ಮಾಡಿ

ಐಡಿ ಮೇಲೆ @ಎಕ್ಸ್‌ಎಂಎಲ್‌ಆಟ್ರಿಬ್ಯೂಟ್(ನೇಮ್ = "ಕ್ರಮಸಂಖ್ಯೆ"). ಈಗ ಅದು ಪ್ರತ್ಯೇಕ ಟ್ಯಾಗ್ ಆಗದೆ ಪುಸ್ತಕ ಎಂಬ ಟ್ಯಾಗಿನ ಒಳಗೇ ಕೂರುತ್ತದೆ. ಯಾವುದು ಟ್ಯಾಗ್, ಯಾವುದು ಆಟ್ರಿಬ್ಯೂಟ್ ಎಂದು ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಗುರುತಿನ ಸಂಖ್ಯೆಯಂಥ ಚಿಕ್ಕದು ಆಟ್ರಿಬ್ಯೂಟ್, ಮುಂದೆ ಉದ್ದವಾಗಬಹುದಾದ್ದು ಟ್ಯಾಗ್. ಇಷ್ಟಕ್ಕೆ ಬಿಡಿ.

ಹಂತ 8: ಹೊರಗೆ ಹೋಗಬಾರದ್ದನ್ನು ತಡೆಯಿರಿ

ನೋಟ್ ಮೇಲೆ @ಎಕ್ಸ್‌ಎಂಎಲ್‌ಟ್ರಾನ್ಸಿಯೆಂಟ್. ಗ್ರಂಥಪಾಲಕರ ಟಿಪ್ಪಣಿ ಇನ್ನು ಅವರಲ್ಲೇ ಉಳಿಯುತ್ತದೆ.

ಇಲ್ಲಿಯವರೆಗೆ ಕ್ಲಾಸ್ ಹೀಗಿರಬೇಕು. ಒಮ್ಮೆ ಸಾಲು ಸಾಲಾಗಿ ಹೋಲಿಸಿ ನೋಡಿ:

@ಎಕ್ಸ್‌ಎಂಎಲ್‌ರೂಟ್‌ಎಲಿಮೆಂಟ್(ನೇಮ್ = "ಪುಸ್ತಕ")
@ಎಕ್ಸ್‌ಎಂಎಲ್‌ಆಕ್ಸೆಸರ್‌ಟೈಪ್(ಎಕ್ಸ್‌ಎಂಎಲ್‌ಆಕ್ಸೆಸ್‌ಟೈಪ್.ಫೀಲ್ಡ್)
ಪಬ್ಲಿಕ್ ಕ್ಲಾಸ್ ಬುಕ್ {
    @ಎಕ್ಸ್‌ಎಂಎಲ್‌ಆಟ್ರಿಬ್ಯೂಟ್(ನೇಮ್ = "ಕ್ರಮಸಂಖ್ಯೆ")
    ಪ್ರೈವೇಟ್ ಸ್ಟ್ರಿಂಗ್ ಐಡಿ;
    @ಎಕ್ಸ್‌ಎಂಎಲ್‌ಎಲಿಮೆಂಟ್(ನೇಮ್ = "ಶೀರ್ಷಿಕೆ")
    ಪ್ರೈವೇಟ್ ಸ್ಟ್ರಿಂಗ್ ಟೈಟಲ್;
    @ಎಕ್ಸ್‌ಎಂಎಲ್‌ಎಲಿಮೆಂಟ್(ನೇಮ್ = "ಲೇಖಕ")
    ಪ್ರೈವೇಟ್ ಸ್ಟ್ರಿಂಗ್ ಆಥರ್;
    @ಎಕ್ಸ್‌ಎಂಎಲ್‌ಎಲಿಮೆಂಟ್(ನೇಮ್ = "ವರ್ಷ")
    ಪ್ರೈವೇಟ್ ಇಂಟೀಜರ್ ಇಯರ್;
    @ಎಕ್ಸ್‌ಎಂಎಲ್‌ಟ್ರಾನ್ಸಿಯೆಂಟ್
    ಪ್ರೈವೇಟ್ ಸ್ಟ್ರಿಂಗ್ ನೋಟ್;
    // ಗೆಟರ್, ಸೆಟರ್‌ಗಳು ಇದರ ಕೆಳಗೆ
}

ಒಂದೊಂದು ಅನೊಟೇಶನ್ ಹಾಕಿದಾಗಲೂ ಓಡಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಐದನ್ನೂ ಒಟ್ಟಿಗೆ ಹಾಕಿ ಓಡಿಸಿದರೆ ಎರರ್ ಯಾವುದರದು ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

ಹಂತ 9: ಟ್ಯಾಗುಗಳ ಸರದಿ ಕಟ್ಟಿ

ಬರೆದ ಕ್ರಮದಲ್ಲೇ ಟ್ಯಾಗುಗಳು ಬರುತ್ತವೆ ಎಂದು ಕಂಡರೂ ಜ್ಯಾಕ್ಸ್‌ಬಿ ಅದಕ್ಕೆ ಭಾಷೆ ಕೊಟ್ಟಿಲ್ಲ. ಫೈಲ್ ಪಡೆಯುವವರು ಸ್ಕೀಮಾ ಇಟ್ಟುಕೊಂಡು ತಾಳೆ ನೋಡುವವರಾದರೆ ಕ್ರಮ ತಪ್ಪಿದ ಫೈಲನ್ನು ವಾಪಸ್ ಕಳಿಸುತ್ತಾರೆ. ಕ್ಲಾಸಿನ ಮೇಲೆ @ಎಕ್ಸ್‌ಎಂಎಲ್‌ಟೈಪ್ ಹಾಕಿ, ಪ್ರಾಪ್‌ಆರ್ಡರ್ ಎಂಬಲ್ಲಿ ಟೈಟಲ್, ಆಥರ್, ಇಯರ್ ಎಂದು ಬರೆಯಿರಿ.

ಎಚ್ಚರ: ಇಲ್ಲಿ ಬೇಕಾದ್ದು ಜಾವಾ ಫೀಲ್ಡಿನ ಹೆಸರು. "ಶೀರ್ಷಿಕೆ" ಎಂದು ಬರೆದರೆ ಒಪ್ಪುವುದಿಲ್ಲ. ಟ್ಯಾಗ್ ಆಗುವ ಎಲ್ಲ ಫೀಲ್ಡೂ ಪಟ್ಟಿಯಲ್ಲಿರಬೇಕು, ಆಟ್ರಿಬ್ಯೂಟಾದ ಐಡಿ ಮತ್ತು ತಡೆದಿಟ್ಟ ನೋಟ್ ಇರಬಾರದು. ನಾಳೆ ಹೊಸ ಫೀಲ್ಡ್ ಸೇರಿಸಿದಾಗ ಇಲ್ಲಿ ಸೇರಿಸಲು ಮರೆಯುವುದು ಮಾಮೂಲು.

ಹಂತ 10: ಲಿಸ್ಟಿಗೆ ಹೊದಿಕೆ ಹಾಕಿ

ಈಗ "ಲೈಬ್ರರಿ" ಎಂಬ ಎರಡನೇ ಕ್ಲಾಸ್. ಅದರ ಮೇಲೂ ರೂಟ್ ಎಲಿಮೆಂಟ್ ("ಗ್ರಂಥಾಲಯ") ಮತ್ತು ಆಕ್ಸೆಸರ್ ಟೈಪ್. ಒಳಗೆ ಬುಕ್‌ಗಳ ಒಂದು ಲಿಸ್ಟ್. ಅದನ್ನು ಆಗಲೇ ಖಾಲಿ ಅರೇಲಿಸ್ಟ್ ಕೊಟ್ಟು ಶುರು ಮಾಡಿ. ಲಿಸ್ಟಿನ ಮೇಲೆ ಎರಡು ಅನೊಟೇಶನ್: @ಎಕ್ಸ್‌ಎಂಎಲ್‌ಎಲಿಮೆಂಟ್‌ರ‍್ಯಾಪರ್(ನೇಮ್ = "ಪುಸ್ತಕಗಳು") ಮತ್ತು @ಎಕ್ಸ್‌ಎಂಎಲ್‌ಎಲಿಮೆಂಟ್(ನೇಮ್ = "ಪುಸ್ತಕ"). ಮೊದಲನೆಯದು ಇಡೀ ಗುಂಪಿನ ಹೊದಿಕೆ, ಎರಡನೆಯದು ಒಳಗಿನ ಒಂದೊಂದಕ್ಕೆ. ಅದಲುಬದಲಾದರೆ ಒಂದೊಂದು ಪುಸ್ತಕವೂ "ಪುಸ್ತಕಗಳು" ಆಗುತ್ತದೆ!

ಕಾಂಟೆಕ್ಸ್ಟ್ ಸಾಲಿನಲ್ಲಿ ಬುಕ್.ಕ್ಲಾಸ್ ತೆಗೆದು ಲೈಬ್ರರಿ.ಕ್ಲಾಸ್ ಹಾಕಿ. ಅದರೊಳಗಿನ ಬುಕ್ ಅನ್ನು ಅದೇ ಹುಡುಕಿಕೊಳ್ಳುತ್ತದೆ. ಒಂದು ಲೈಬ್ರರಿ ಆಬ್ಜೆಕ್ಟ್ ಮಾಡಿ, ಎರಡು ಪುಸ್ತಕ ಸೇರಿಸಿ, ಮಾರ್ಷಲ್ ಸಾಲಿನಲ್ಲೂ ಬುಕ್ ಬದಲು ಅದನ್ನೇ ಕೊಡಿ. ಓಡಿಸಿದರೆ ಹೀಗೆ ಬರುತ್ತದೆ:

<ಗ್ರಂಥಾಲಯ>
    <ಪುಸ್ತಕಗಳು>
        <ಪುಸ್ತಕ ಕ್ರಮಸಂಖ್ಯೆ="101">
            <ಶೀರ್ಷಿಕೆ>ಚೋಮನ ದುಡಿ</ಶೀರ್ಷಿಕೆ>
            <ಲೇಖಕ>ಶಿವರಾಮ ಕಾರಂತ</ಲೇಖಕ>
            <ವರ್ಷ>1933</ವರ್ಷ>
        </ಪುಸ್ತಕ>
        <ಪುಸ್ತಕ ಕ್ರಮಸಂಖ್ಯೆ="102">
            <ಶೀರ್ಷಿಕೆ>ಮಲೆಗಳಲ್ಲಿ ಮದುಮಗಳು</ಶೀರ್ಷಿಕೆ>
            <ಲೇಖಕ>ಕುವೆಂಪು</ಲೇಖಕ>
            <ವರ್ಷ>1967</ವರ್ಷ>
        </ಪುಸ್ತಕ>
    </ಪುಸ್ತಕಗಳು>
</ಗ್ರಂಥಾಲಯ>

ಇದರ ತಲೆಯ ಮೇಲೆ ಆವೃತ್ತಿ, ಎನ್‌ಕೋಡಿಂಗ್ ಹೇಳುವ ಒಂದು ಸಾಲು ತಾನಾಗಿ ಬರುತ್ತದೆ. ಅದನ್ನು ಹಾಗೇ ಬಿಡಿ.

ಹಂತ 11: ಫೈಲಿಗೆ ಬರೆಯಿರಿ

ಸಿಸ್ಟಮ್.ಔಟ್ ಇದ್ದ ಜಾಗದಲ್ಲಿ ಫೈಲ್ ಆಬ್ಜೆಕ್ಟ್ ಕೊಡಿ. ಜ್ಯಾಕ್ಸ್‌ಬಿ ತಾನೇ ಯುಟಿಎಫ್-8ನಲ್ಲಿ ಬರೆಯುತ್ತದೆ.

ಎಚ್ಚರ: ಅಭ್ಯಾಸಬಲದಿಂದ ಫೈಲ್‌ರೈಟರ್ ಬಳಸಬೇಡಿ. ಹಳೆಯ ಜಾವಾದಲ್ಲಿ ಫೈಲ್‌ರೈಟರ್ ಕಂಪ್ಯೂಟರಿನ ಎನ್‌ಕೋಡಿಂಗಿನಲ್ಲಿ ಬರೆಯುತ್ತದೆ, ತಲೆಬರಹದ ಸಾಲು ಮಾತ್ರ ಯುಟಿಎಫ್-8 ಎಂದೇ ಹೇಳುತ್ತಿರುತ್ತದೆ. ಕಾರಂತರ ಹೆಸರಿದ್ದ ಕಡೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ, ಮತ್ತು ಈ ಸಲ ಅದು ನಿಜವಾದ ನಷ್ಟ. ಹೋದ ಅಕ್ಷರ ಫೈಲಿನಿಂದ ವಾಪಸ್ ಬರುವುದಿಲ್ಲ.

ಹಂತ 12: ಅದೇ ಫೈಲನ್ನು ವಾಪಸ್ ಓದಿ

ಅದೇ ಕಾಂಟೆಕ್ಸ್ಟಿನಿಂದ ಕ್ರಿಯೇಟ್‌ಅನ್‌ಮಾರ್ಷಲರ್ ಕರೆದು, ಅನ್‌ಮಾರ್ಷಲ್ ಮೆಥಡಿಗೆ ಫೈಲ್ ಕೊಟ್ಟು, ಬಂದದ್ದನ್ನು ಲೈಬ್ರರಿ ಎಂದು ಕಾಸ್ಟ್ ಮಾಡಿ. ಮೊದಲ ಪುಸ್ತಕದ ಹೆಸರು ಪ್ರಿಂಟ್ ಮಾಡಿ ನೋಡಿ.

ರೂಟ್ ಟ್ಯಾಗಿನ ಹೆಸರು ಹೊಂದದಿದ್ದರೆ ಎರರ್ ಬರುತ್ತದೆ, ಒಳ್ಳೆಯದೇ. ಒಳಗಿನ ಟ್ಯಾಗ್ ಹೊಂದದಿದ್ದರೆ ಏನೂ ಬರುವುದಿಲ್ಲ. ಫೈಲಿನಲ್ಲಿ "ಲೇಖಕರು" ಎಂದಿದ್ದು ನಿಮ್ಮ ಅನೊಟೇಶನ್ "ಲೇಖಕ" ಎಂದಿದ್ದರೆ, ಜ್ಯಾಕ್ಸ್‌ಬಿ ಆ ಟ್ಯಾಗನ್ನು ತುಟಿಪಿಟಕ್ಕೆನ್ನದೆ ದಾಟಿ ಹೋಗುತ್ತದೆ, ಆಥರ್ ನಲ್ ಆಗಿ ಉಳಿಯುತ್ತದೆ. ವರ್ಷವನ್ನು ಯಾರಾದರೂ ಅಭಿಮಾನದಿಂದ ೧೯೩೩ ಎಂದು ಕನ್ನಡ ಅಂಕಿಯಲ್ಲಿ ತುಂಬಿದರೂ ಅದೇ ಪಾಡು. ಜ್ಯಾಕ್ಸ್‌ಬಿಗೆ ಅದು ಸಂಖ್ಯೆಯಲ್ಲ, ಇಯರ್ ಖಾಲಿ. ಜೋರಾಗಿ ಕೂಗುವ ಎರರಿಗಿಂತ ಈ ಮೌನಕ್ಕೆ ನಾನು ಹೆಚ್ಚು ಹೆದರುತ್ತೇನೆ.

ಪರಿಹಾರ ಒಂದೇ ಸಾಲು: ಅನ್‌ಮಾರ್ಷಲರಿನ ಸೆಟ್‌ಇವೆಂಟ್‌ಹ್ಯಾಂಡ್ಲರ್‌ಗೆ, ಯಾವ ಘಟನೆ ಬಂದರೂ ಫಾಲ್ಸ್ ಹಿಂದಿರುಗಿಸುವ ಪುಟ್ಟ ಲ್ಯಾಂಬ್ಡಾ ಕೊಡಿ. ಅಂದರೆ "ತಪ್ಪು ಕಂಡಲ್ಲೇ ನಿಲ್ಲು" ಎಂದರ್ಥ. ಕಲಿಯುವಾಗಂತೂ ಇದು ಇರಲೇಬೇಕು.

ಹಂತ 13: ದಿನಾಂಕಕ್ಕೆ ಅಡಾಪ್ಟರ್ ಬರೆಯಿರಿ

ಪುಸ್ತಕ ಗ್ರಂಥಾಲಯಕ್ಕೆ ಬಂದ ದಿನವನ್ನೂ ಇಡೋಣ. ಲೋಕಲ್‌ಡೇಟ್ ಫೀಲ್ಡ್ ಒಂದನ್ನು ಸೇರಿಸಿ, ಪ್ರಾಪ್‌ಆರ್ಡರಿನಲ್ಲೂ ಅದರ ಹೆಸರು ಬರೆಯಿರಿ. ಓಡಿಸಿದರೆ "ಲೋಕಲ್‌ಡೇಟ್‌ಗೆ ಖಾಲಿ ಕನ್‌ಸ್ಟ್ರಕ್ಟರ್ ಇಲ್ಲ" ಎಂಬ ಎರರ್. ಮೂರನೇ ಹಂತದಲ್ಲಿ ಕಂಡದ್ದೇ, ಆದರೆ ಈ ಸಲ ಕ್ಲಾಸ್ ನಮ್ಮದಲ್ಲ, ಬದಲಾಯಿಸುವ ಹಾಗಿಲ್ಲ. ಭಯಪಡಬೇಡಿ, ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದರಾಯಿತು.

ಎಕ್ಸ್‌ಎಂಎಲ್‌ಅಡಾಪ್ಟರ್ ಎಂಬುದನ್ನು ಎಕ್ಸ್‌ಟೆಂಡ್ ಮಾಡಿ "ಡೇಟ್‌ಅಡಾಪ್ಟರ್" ಎಂಬ ಕ್ಲಾಸ್ ಬರೆಯಿರಿ. ಕೋನದ ಆವರಣದಲ್ಲಿ ಮೊದಲು ಸ್ಟ್ರಿಂಗ್, ಆಮೇಲೆ ಲೋಕಲ್‌ಡೇಟ್. ಒಳಗೆ ಎರಡು ಮೆಥಡ್: ಅನ್‌ಮಾರ್ಷಲ್ ಸ್ಟ್ರಿಂಗ್ ತೆಗೆದುಕೊಂಡು ಲೋಕಲ್‌ಡೇಟ್.ಪಾರ್ಸ್ ಮಾಡಿ ಕೊಡುತ್ತದೆ, ಮಾರ್ಷಲ್ ದಿನಾಂಕ ತೆಗೆದುಕೊಂಡು ಟುಸ್ಟ್ರಿಂಗ್ ಮಾಡಿ ಕೊಡುತ್ತದೆ. ಎರಡರಲ್ಲೂ ಮೊದಲ ಸಾಲಿನಲ್ಲೇ, ಬಂದದ್ದು ನಲ್ ಆಗಿದ್ದರೆ ನಲ್ ಕೊಟ್ಟು ಕಳಿಸಿ. ಕೊನೆಗೆ ಫೀಲ್ಡಿನ ಮೇಲೆ @ಎಕ್ಸ್‌ಎಂಎಲ್‌ಜಾವಾಟೈಪ್‌ಅಡಾಪ್ಟರ್(ಡೇಟ್‌ಅಡಾಪ್ಟರ್.ಕ್ಲಾಸ್). ಇದರ ಮತ್ತು ಎಕ್ಸ್‌ಎಂಎಲ್‌ಅಡಾಪ್ಟರಿನ ಇಂಪೋರ್ಟ್ ಮಾತ್ರ "ಅಡಾಪ್ಟರ್ಸ್" ಎಂಬ ಒಳಪ್ಯಾಕೇಜಿನಿಂದ ಬರುತ್ತದೆ.

ಇಷ್ಟಕ್ಕೆ ದಿನಾಂಕ 2024-06-15 ಎಂದು ಬರುತ್ತದೆ, ಮೊದಲು ವರ್ಷ. ನಮ್ಮ ರೂಢಿಯ 15-06-2024 ಬೇಕೆಂದರೆ ಡೇಟ್‌ಟೈಮ್‌ಫಾರ್ಮ್ಯಾಟರ್ ಕೊಡಬೇಕು. ಅದರಲ್ಲಿ ದೊಡ್ಡಕ್ಷರದ ಎಂ ತಿಂಗಳು, ಸಣ್ಣಕ್ಷರದ ಎಂ ನಿಮಿಷ, ಅದಲುಬದಲು ಮಾಡಬೇಡಿ. ನನ್ನನ್ನು ಕೇಳಿದರೆ ಫೈಲಿನಲ್ಲಿ ವರ್ಷ ಮೊದಲಿರುವ ರೂಪವೇ ಇರಲಿ, ಎಕ್ಸ್‌ಎಂಎಲ್ ಸ್ಕೀಮಾದ ದಿನಾಂಕವೂ ಅದೇ ರೂಪದ್ದು. ಓದುಗರಿಗೆ ತೋರಿಸುವ ಪರದೆಯಲ್ಲಿ ಬೇಕಾದಂತೆ ತಿರುಗಿಸಿಕೊಳ್ಳಿ.

ಹಂತ 14: ಕಾಂಟೆಕ್ಸ್ಟ್ ಒಂದೇ ಸಲ ಮಾಡಿ

ನಿಮ್ಮ ಪ್ರೋಗ್ರಾಮ್ ಇನ್ನೂರು ಫೈಲ್ ಓದುವುದಾದರೆ ಜೆಎಎಕ್ಸ್‌ಬಿಕಾಂಟೆಕ್ಸ್ಟ್ ಸಾಲನ್ನು ಲೂಪಿನಿಂದ ಹೊರಗೆ ತನ್ನಿ. ಕ್ಲಾಸುಗಳನ್ನೆಲ್ಲ ಜಾಲಾಡಿ ನೋಡುವ ಭಾರದ ಕೆಲಸ ನಡೆಯುವುದು ಅಲ್ಲೇ. ಒಮ್ಮೆ ಮಾಡಿ ಸ್ಟ್ಯಾಟಿಕ್ ಫೈನಲ್ ಆಗಿ ಇಟ್ಟುಕೊಂಡರೆ ಹಲವು ಥ್ರೆಡ್‌ಗಳೂ ಒಟ್ಟಿಗೆ ಬಳಸಬಹುದು. ಮಾರ್ಷಲರ್, ಅನ್‌ಮಾರ್ಷಲರ್ ಹಾಗಲ್ಲ. ಅವನ್ನು ಥ್ರೆಡ್‌ಗಳ ನಡುವೆ ಹಂಚಬೇಡಿ, ಬೇಕಾದಾಗ ಹೊಸದು ಮಾಡಿಕೊಳ್ಳಿ. ಅದಕ್ಕೆ ಹೆಚ್ಚು ಖರ್ಚೇನಿಲ್ಲ.